ಅಪ್ಪನ ಪಾಲಿಗೆ ಒಂದು ಕೆಲಸ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಎಳೆಮಕ್ಕಳನ್ನು ಬೆಳೆಸುತ್ತಿರುವ ಅಪ್ಪಂದಿರಿಗೊಂದು ಕೈಪಿಡಿ

ಚಳ್ಳಕೆರೆ ಕಡೆಯ ಅಪ್ಪಂದಿರು ಬೆಳಕು ಹರಿಯುವ ಮುಂಚೆಯೇ ಮನೆ ಬಿಡುತ್ತಾರೆ. ಎಣ್ಣೆ ಮಿಲ್ಲು, ಎಪಿಎಂಸಿ ಯಾರ್ಡು, ಹೊಲ, ಕುರಿಹಿಂಡು, ಕುದಾಪುರದ ಕಡೆ ಕಟ್ಟಡದ ಕೆಲಸ, ಅದ್ಯಾವುದೂ ಇಲ್ಲದಿದ್ದರೆ ಬೆಂಗಳೂರಿನ ಬಸ್ಸು. ಮೊಳಕಾಲ್ಮುರಿನ ನೇಕಾರ ಅಪ್ಪಂದಿರದು ಇದಕ್ಕೆ ತದ್ವಿರುದ್ಧ. ಅಲ್ಲಿ ಮಗ್ಗ ಮನೆಯೊಳಗೇ ಇದೆ. ಅಪ್ಪ ಹಗಲೆಲ್ಲ ಮಕ್ಕಳ ಕಣ್ಣೆದುರಿಗೇ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿರುತ್ತಾನೆ. ಆದರೂ ಎರಡೂ ಕಡೆಯ ತಾಯಂದಿರನ್ನು ಮಾತಿಗೆಳೆದರೆ ಬರುವ ಉತ್ತರ ಒಂದೇ: “ಮಕ್ಕಳ ಕೆಲಸ ಅವರಿಗೇನು ಗೊತ್ತಾಗುತ್ತೆ?”

ಮನೆಯಿಂದ ದೂರ ಇರುವವನಿಗೂ ಮನೆಯಲ್ಲೇ ಇರುವವನಿಗೂ ಒಂದೇ ದೂರು ಬರುತ್ತದೆ ಎಂದರೆ, ಕೊರತೆ ಬರೀ ಸಮಯದ್ದಲ್ಲ. ಮಗುವಿನ ದಿನಚರಿಯಲ್ಲಿ ಅಪ್ಪನದೇ ಎನ್ನುವ ಕೆಲಸ ಒಂದೂ ಇಲ್ಲ. ಎರಡು ಎಳೆಮಕ್ಕಳ ಅಪ್ಪನಾಗಿ ನನಗೆ ಅರ್ಥವಾಗಿರುವುದು ಇಷ್ಟು: ದಿನಕ್ಕೊಂದು ಕೆಲಸವನ್ನಾದರೂ ಅಪ್ಪ ಪೂರ್ತಿಯಾಗಿ ತನ್ನ ಪಾಲಿಗೆ ತೆಗೆದುಕೊಳ್ಳಬೇಕು. ಆರಂಭದಿಂದ ಕೊನೆಯವರೆಗೆ, ಯಾರೂ ನೆನಪಿಸದೆ.

ಸಹಾಯ ಸಾಲದು, ಪಾಲು ಬೇಕು

“ಹೇಳಿದರೆ ಮಾಡ್ತೀನಲ್ಲ” ಎನ್ನುವ ಅಪ್ಪ ಹೇಳಿಸಿಕೊಳ್ಳಲು ಕಾಯುತ್ತಿರುತ್ತಾನೆ. ಏನು ಮಾಡಬೇಕು, ಯಾವಾಗ ಮಾಡಬೇಕು ಎಂದು ನೆನಪಿಟ್ಟು ಹೇಳುವುದೂ ಒಂದು ದುಡಿಮೆಯೇ. ಅದು ತಾಯಿಯ ತಲೆಯಿಂದ ಇಳಿಯುವುದೇ ಇಲ್ಲ.

ಮಗುವಿನ ಸ್ನಾನವನ್ನೇ ತೆಗೆದುಕೊಳ್ಳಿ. ಮೈಮೇಲೆ ನೀರು ಹುಯ್ಯುವುದಷ್ಟೇ ಸ್ನಾನವಲ್ಲ. ಹಂಡೆಗೆ ನೀರು ತುಂಬಿ ಒಲೆ ಉರಿ ಹಾಕಬೇಕು, ತಣ್ಣೀರು ಬೆರೆಸಿ ಮೊಣಕೈ ಅದ್ದಿ ಹದ ನೋಡಬೇಕು, ಟವೆಲು ಬಟ್ಟೆ ಮೊದಲೇ ತೆಗೆದಿಡಬೇಕು. ಉಗುರು ಬೆಳೆದಿದೆಯೇ, ಕಿವಿ ಹಿಂದೆ ಗುಳ್ಳೆ ಎದ್ದಿದೆಯೇ, ಬೆನ್ನಮೇಲೆ ಬೆವರುಸಾಲೆ ಇದೆಯೇ ಎಂದು ಕಣ್ಣಾಡಿಸಬೇಕು. ಸೋಪು ಮುಗಿಯುತ್ತಿದ್ದರೆ ತಂದಿಡಬೇಕು. ಇಷ್ಟೂ ಸೇರಿದರೆ ಅದು ಅಪ್ಪನ ಪಾಲಿನ ಕೆಲಸ. ನಮ್ಮ ಮನೆಯಲ್ಲಿ ಸ್ನಾನ ನನ್ನದಾದ ಮೇಲೆ ಮಗಳ ಮೈಮೇಲಿನ ಪ್ರತಿ ಮಚ್ಚೆ, ಪ್ರತಿ ಗಾಯದ ಕಲೆ ನನಗೆ ಗೊತ್ತು. ಮೈ ಸ್ವಲ್ಪ ಬಿಸಿಯಾದರೂ ಕೈಗೆ ತಿಳಿಯುತ್ತದೆ.

ಆಯ್ಕೆಗೆ ಕೆಲವು ಕೆಲಸಗಳು: ಸ್ನಾನ, ರಾತ್ರಿ ಮಲಗಿಸುವುದು, ಬೆಳಗಿನ ತಿಂಡಿ, ಅಂಗನವಾಡಿಗೆ ಬಿಟ್ಟುಬರುವುದು, ಲಸಿಕೆಯ ಲೆಕ್ಕ, ಕುಡಿಯುವ ನೀರಿನ ಉಸ್ತುವಾರಿ. ನಿಮ್ಮ ದುಡಿಮೆಯ ಹೊತ್ತಿಗೆ ಹೊಂದುವುದನ್ನು ಆರಿಸಿಕೊಳ್ಳಿ. ಮಿಲ್ಲಿನ ಪಾಳಿಯವರಿಗೆ ರಾತ್ರಿಯ ಕೆಲಸ ಕಷ್ಟವಾದರೆ ಬೆಳಗಿನದು ಇರಲಿ. ನೇಕಾರರು ಊಟದ ಬಿಡುವಿಗೆ ಹೊಂದುವ ಒಂದು ಕೆಲಸ ಹಿಡಿಯಬಹುದು.

ಬಾಣಂತಿ ಕೋಣೆಯ ಬಾಗಿಲು

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಅಪ್ಪ ನೆಂಟನ ಹಾಗೆ ಬಂದು, ಕೂಸಿನ ಕೈಗೆ ದುಡ್ಡು ಇಟ್ಟು ಹೋಗುತ್ತಾನೆ. ಆ ಮೊದಲ ವಾರಗಳಲ್ಲೂ ಅವನಿಗೆ ಮೂರು ಕೆಲಸಗಳಿವೆ.

ಮೊದಲನೆಯದು ಜನನ ನೋಂದಣಿ. ಹುಟ್ಟಿದ 21 ದಿನದೊಳಗೆ ಇದಕ್ಕೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಮುಂದಿನ ಹಲವು ದಾಖಲೆಗಳಿಗೆಲ್ಲ ಜನನ ಪ್ರಮಾಣಪತ್ರವೇ ಆಧಾರ. ಹೆಸರಿನ ಕಾಗುಣಿತ, ಇನಿಷಿಯಲ್, ಹುಟ್ಟಿದ ದಿನ ಸರಿಯಾಗಿವೆಯೇ ಎಂದು ಕಚೇರಿಯಲ್ಲೇ ನಿಂತು ಓದಿ ನೋಡಿ.

ಎರಡನೆಯದು ಕೂಸಿನ ಮೈ ಬೆಚ್ಚಗಿಡುವುದು. ತೂಕ ಕಡಿಮೆ ಇರುವ ಕೂಸನ್ನು ಬರಿಯ ಎದೆಗೆ ಒತ್ತಿಕೊಂಡು, ಮೇಲೆ ಬಟ್ಟೆ ಹೊದ್ದು ಕೂರುವ ಕ್ರಮಕ್ಕೆ ಆಸ್ಪತ್ರೆಯವರು ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟ ನಗರದ ಆಸ್ಪತ್ರೆಯೊಂದರಲ್ಲಿ ಇದು ಆರಂಭವಾಯಿತು. ತಾಯಿ ದಣಿದಿದ್ದಾಗ ಅಪ್ಪನ ಎದೆಯೂ ಈ ಕೆಲಸಕ್ಕೆ ಆಗುತ್ತದೆ. ದಾದಿಯರನ್ನು ಕೇಳಿದರೆ ತೋರಿಸಿಕೊಡುತ್ತಾರೆ.

ಮೂರನೆಯದು ಸ್ವಲ್ಪ ಗಟ್ಟಿ ಮನಸ್ಸು ಬೇಡುವಂಥದ್ದು. ಕೆಲವು ಹಟ್ಟಿಗಳಲ್ಲಿ ಬಾಣಂತಿ ಮತ್ತು ಕೂಸನ್ನು ಸೂತಕದ ಹೆಸರಿನಲ್ಲಿ ಹಟ್ಟಿಯಾಚೆಯ ಗುಡಿಸಲಿನಲ್ಲಿ ಇರಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ ಚಳಿಯಲ್ಲಿ ಹೀಗಿದ್ದ ಎಳೆಗೂಸೊಂದು ತೀರಿಕೊಂಡಿತು. 2020ರಲ್ಲಿ ಜಾರಿಗೆ ಬಂದ ರಾಜ್ಯದ ಮೌಢ್ಯ ಪ್ರತಿಬಂಧಕ ಕಾಯ್ದೆ, ಮುಟ್ಟಾದವರನ್ನು ಮತ್ತು ಗರ್ಭಿಣಿಯರನ್ನು ಊರಾಚೆ ಇಡುವುದನ್ನು ಅಪರಾಧವೆಂದು ಹೇಳುತ್ತದೆ. ಕಾನೂನಿಗಿಂತ ಮೊದಲು ಕೆಲಸ ಮಾಡುವುದು ಮನೆಯ ಗಂಡಸಿನ ಮಾತು. “ನನ್ನ ಕೂಸು ಒಳಗೇ ಇರುತ್ತೆ” ಎಂದು ಅಪ್ಪ ಹಿರಿಯರ ಮುಂದೆ ಹೇಳಬೇಕು. ಹೆರಿಗೆಯಾದ ಮೇಲೆ ಹೇಳಹೋದರೆ ಜಗಳವಾಗುತ್ತದೆ. ಏಳನೇ ತಿಂಗಳಲ್ಲೇ ಹೇಳಿ, ಆಶಾ ಕಾರ್ಯಕರ್ತೆಯನ್ನೂ ಜೊತೆಗಿಟ್ಟುಕೊಳ್ಳಿ.

ಸರ್ಕಾರಿ ನೌಕರರಾದ ಅಪ್ಪಂದಿರಿಗೆ 15 ದಿನಗಳ ಪಿತೃತ್ವ ರಜೆ ಇದೆ. ನೇಕಾರನಿಗೆ, ಹಮಾಲಿಗೆ, ಕುರಿಗಾಹಿಗೆ ಅಂಥದ್ದಿಲ್ಲ. ಅವರು ಹೆರಿಗೆಯ ತಿಂಗಳಿಗೆಂದು ಮೊದಲೇ ಸ್ವಲ್ಪ ದುಡ್ಡು ಎತ್ತಿಟ್ಟು ತಮ್ಮ ರಜೆಯನ್ನು ತಾವೇ ಮಾಡಿಕೊಳ್ಳಬೇಕು.

ಲಸಿಕೆಯ ಲೆಕ್ಕ ಅಪ್ಪನ ಮೊಬೈಲಿನಲ್ಲಿರಲಿ

ತಾಯಿ ಕಾರ್ಡಿನ ಫೋಟೊ ತೆಗೆದು ನಿಮ್ಮ ಮೊಬೈಲಿನಲ್ಲಿಟ್ಟುಕೊಳ್ಳಿ, ದಿನಾಂಕಗಳಿಗೆ ಅಲಾರಂ ಇಡಿ. ಸರ್ಕಾರಿ ವೇಳಾಪಟ್ಟಿ ಹೀಗಿದೆ:

- ಹುಟ್ಟಿದಾಗ: ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ.
- 6, 10, 14 ವಾರಕ್ಕೆ: ಪೆಂಟಾವೇಲೆಂಟ್, ಪೋಲಿಯೊ ಹನಿ, ರೋಟಾ. 6 ಮತ್ತು 14ನೇ ವಾರಕ್ಕೆ ನ್ಯುಮೋನಿಯಾ ತಡೆಯುವ ಪಿಸಿವಿ ಮತ್ತು ಪೋಲಿಯೊ ಚುಚ್ಚುಮದ್ದು.
- 9 ತಿಂಗಳು ತುಂಬಿದಾಗ: ದಡಾರ–ರುಬೆಲ್ಲಾ ಮೊದಲ ಡೋಸು, ಪಿಸಿವಿ ಬೂಸ್ಟರ್, ಪೋಲಿಯೊ ಚುಚ್ಚುಮದ್ದು, ವಿಟಮಿನ್ ಎ ದ್ರಾವಣ.
- 16ರಿಂದ 24 ತಿಂಗಳು: ದಡಾರ–ರುಬೆಲ್ಲಾ ಎರಡನೆಯದು, ಡಿಪಿಟಿ ಮತ್ತು ಪೋಲಿಯೊ ಬೂಸ್ಟರ್.
- 5ರಿಂದ 6 ವರ್ಷ: ಡಿಪಿಟಿ ಎರಡನೇ ಬೂಸ್ಟರ್.

ವಿಟಮಿನ್ ಎ ದ್ರಾವಣ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಮುಂದುವರಿಯಬೇಕು. ಕುರಿ ಕಾಯಲು ಅಥವಾ ಕೂಲಿಗೆಂದು ಕುಟುಂಬ ಸಮೇತ ಊರು ಬಿಡುವವರು ಕಾರ್ಡು ಜೊತೆಗೇ ಒಯ್ಯಲಿ. ಯಾವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೂ ಮುಂದಿನ ಡೋಸು ಹಾಕುತ್ತಾರೆ. ತಡವಾಗಿದ್ದರೆ “ಇನ್ನೇನು ಬಿಡು” ಎನ್ನದೆ ಹೋಗಿ ಕೇಳಿ, ಬಿಟ್ಟದ್ದನ್ನು ಹಾಕಿಸಲು ದಾರಿ ಇರುತ್ತದೆ.

ಶೇಂಗಾ ಸೀಮೆಯ ತಟ್ಟೆ

ಎಣ್ಣೆ ನಗರಿ ಎಂದು ಹೆಸರಾದ ಚಳ್ಳಕೆರೆಯಲ್ಲಿ ಮಗುವಿಗೆ ಪೌಷ್ಟಿಕ ಆಹಾರ ಹುಡುಕಿಕೊಂಡು ಹೋಗಬೇಕಿಲ್ಲ. ಮನೆ ಮುಂದೆಯೇ ರಾಶಿ ಬಿದ್ದಿರುತ್ತದೆ. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ. ನಂತರ ರಾಗಿ ಸರಿ, ಬೇಳೆ ಕಟ್ಟು, ಮೆತ್ತಗೆ ಕಿವುಚಿದ ಅನ್ನ, ಮೊಟ್ಟೆ, ಬಾಳೆಹಣ್ಣು. ಹುರಿದ ಶೇಂಗಾ ನುಣ್ಣಗೆ ಪುಡಿ ಮಾಡಿ ರಾಗಿ ಸರಿಗೆ ಒಂದು ಚಮಚ ಬೆರೆಸಿದರೆ ಕೊಬ್ಬು, ಪ್ರೋಟೀನು ಎರಡೂ ಸಿಗುತ್ತವೆ. ಶೇಂಗಾ ಬೇಗ ಕೊಟ್ಟರೆ ಅಲರ್ಜಿಯಾಗುತ್ತದೆ ಎಂಬ ಹಳೆಯ ಅಂಜಿಕೆಯನ್ನು ಲಂಡನ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ತಲೆಕೆಳಗು ಮಾಡಿತು. ಅಲರ್ಜಿಯ ಸಂಭವ ಹೆಚ್ಚಿದ್ದ ಕೂಸುಗಳಿಗೂ ಮೊದಲ ವರ್ಷದಲ್ಲೇ ಶೇಂಗಾ ಆಹಾರ ರೂಢಿಸಿದಾಗ ಅಲರ್ಜಿ ಬಹಳ ಕಡಿಮೆಯಾಗಿತ್ತು. ನಿಮ್ಮ ಕೂಸಿಗೆ ಕಜ್ಜಿಯ ತೊಂದರೆ ಹೆಚ್ಚಿದ್ದರೆ ವೈದ್ಯರನ್ನು ಕೇಳಿ ಆರಂಭಿಸಿ.

ಅದೇ ಶೇಂಗಾ ಇಡಿಕಾಳಾಗಿ ಕೂಸಿನ ಕೈಗೆ ಸಿಕ್ಕರೆ ಅಪಾಯ. ದವಡೆ ಹಲ್ಲು ಬಲಿಯದ ಮಕ್ಕಳು ಕಾಳನ್ನು ಅಗಿಯಲಾರರು. ನಗುತ್ತಲೋ ಓಡುತ್ತಲೋ ಬಾಯಿಗೆ ಹಾಕಿಕೊಂಡರೆ ಕಾಳು ಶ್ವಾಸನಾಳಕ್ಕೆ ಜಾರುತ್ತದೆ. ಐದು ವರ್ಷದವರೆಗೆ ಇಡಿ ಶೇಂಗಾ, ಹುರಿಗಡಲೆ, ಗಟ್ಟಿ ಚಿಕ್ಕಿ ಬೇಡ. ಶೇಂಗಾ ಬಿಡಿಸುವ ದಿನಗಳಲ್ಲಿ ಅಂಗಳದ ರಾಶಿಯ ಪಕ್ಕ ಕೂಸನ್ನು ಕೂರಿಸಿ ಎದ್ದುಹೋಗಬೇಡಿ.

ಕಾಳು ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿ ಹೊರಡದೆ ಮುಖ ನೀಲಿಗಟ್ಟುತ್ತಿದ್ದರೆ, ಒಂದು ವರ್ಷದೊಳಗಿನ ಕೂಸನ್ನು ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಎರಡು ಭುಜದ ನಡುವೆ ಅಂಗೈಯಿಂದ 5 ಸಲ ತಟ್ಟಿ. ಆಮೇಲೆ ಅಂಗಾತ ತಿರುಗಿಸಿ, ಎದೆಯ ನಡುವೆ ಎರಡು ಬೆರಳಿನಿಂದ 5 ಸಲ ಒತ್ತಿ. ಒಂದು ವರ್ಷ ದಾಟಿದ ಮಗುವಾದರೆ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ 5 ಸಲ ತಟ್ಟಿ, ನಂತರ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಮುಷ್ಟಿಯಿಂದ ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಕಾಳು ಬರುವವರೆಗೆ ಎರಡನ್ನೂ ಸರದಿಯಂತೆ ಮಾಡುತ್ತಿರಿ, ಪಕ್ಕದವರು 108ಕ್ಕೆ ಕರೆ ಮಾಡಲಿ. ಕಾಣದ ಕಾಳಿಗಾಗಿ ಗಂಟಲಿಗೆ ಬೆರಳು ಹಾಕಬೇಡಿ. ಶೇಂಗಾ ನೆತ್ತಿಗೇರಿದ ಮೇಲೆ ದಿನಗಟ್ಟಲೆ ಕೆಮ್ಮು, ಗೊರಗೊರ ಸದ್ದು ಉಳಿದರೆ ಅದನ್ನು ನೆಗಡಿ ಎಂದುಕೊಳ್ಳದೆ ವೈದ್ಯರಿಗೆ ಶೇಂಗಾದ ವಿಷಯ ಹೇಳಿ. ಕಾಳು ಒಳಗೇ ಕೂತಿರಬಹುದು.

ಬೂಷ್ಟು ಹಿಡಿದ, ಸುಕ್ಕುಗಟ್ಟಿ ಕಪ್ಪಾದ ಶೇಂಗಾವನ್ನು ಮನೆ ಬಳಕೆಗೆ ಇಟ್ಟುಕೊಳ್ಳಬೇಡಿ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರುತ್ತದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಒಳ್ಳೆಯದನ್ನು ಮಾರಿ ಉಳಿದ ಹೊಟ್ಟುಕಾಳನ್ನು ಮಕ್ಕಳಿಗೆ ಹುರಿದುಕೊಡುವ ಅಭ್ಯಾಸ ನಿಲ್ಲಬೇಕು.

ನೀರಿನ ಉಸ್ತುವಾರಿ

ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದ ಕಡೆ ಗರಿಷ್ಠ 1.5 ಎನ್ನುತ್ತದೆ ಭಾರತೀಯ ಮಾನದಂಡ. ಶಾಶ್ವತ ಹಲ್ಲು ಒಸಡಿನೊಳಗೆ ರೂಪುಗೊಳ್ಳುವುದು ಎಂಟು ವರ್ಷದೊಳಗೆ. ಆ ವಯಸ್ಸಿನಲ್ಲಿ ಕುಡಿದ ನೀರಿನ ಗುರುತು ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆಯಾಗಿ ಜೀವನಪೂರ್ತಿ ಉಳಿಯುತ್ತದೆ. ಹಾಗಾಗಿ ನೀರು ಎಳೆಮಕ್ಕಳ ಮನೆಯ ಮೊದಲ ಪ್ರಶ್ನೆ.

ನೀರು ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಕುದಿದು ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನನ್ನು ಕುಡಿಯಲು ಮಾತ್ರ ಇಟ್ಟು, ಬೇಳೆ ಅನ್ನಕ್ಕೆ ಬೋರಿನ ನೀರು ಹಾಕಿದರೆ ಅರ್ಧ ಕೆಲಸ ಮಾಡಿದಂತಾಯಿತು. ಮಕ್ಕಳ ಅಡುಗೆಗೂ ಘಟಕದ ನೀರನ್ನೇ ಬಳಸಿ. ಮಕ್ಕಳಿಗೆ ಟೀ ಕೊಡಬೇಡಿ, ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇದೆ. ನಿಮ್ಮ ಊರಿನ ನೀರನ್ನು ಪರೀಕ್ಷೆ ಮಾಡಿಸಲು ಗ್ರಾಮ ಪಂಚಾಯಿತಿಯಲ್ಲಿ ಕೇಳಿ, ಜಲಜೀವನ್ ಮಿಷನ್ನಿನಡಿ ಊರುಗಳಿಗೆ ಪರೀಕ್ಷಾ ಕಿಟ್ ಕೊಟ್ಟಿದ್ದಾರೆ. ಕ್ಯಾನು ಹೊರುವುದು ಹೇಗೂ ಗಂಡಸರ ಕೆಲಸವಾಗಿದೆ, ಅದರ ಜೊತೆಗೆ ಪರೀಕ್ಷೆಯ ಚೀಟಿಯೂ ಅವರ ಕೈಯಲ್ಲಿರಲಿ.

ಬೇಸಿಗೆಯಲ್ಲಿ ಭೇದಿ ಆರಂಭವಾದರೆ ಒಂದು ಲೀಟರ್ ನೀರಿಗೆ ಒಂದು ಪೂರ್ತಿ ಪೊಟ್ಟಣ ಓಆರ್‌ಎಸ್ ಬೆರೆಸಿ, ಚಮಚದಲ್ಲಿ ಆಗಾಗ ಕುಡಿಸಿ. ಆಶಾ ಕಾರ್ಯಕರ್ತೆ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಮುಗಿಸಬೇಕು. ಮಗು ಮಂಕಾದರೆ, ಕಣ್ಣು ಒಳಸೇರಿದರೆ, ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ.

ಹೊಂಡ, ಬೋರ್‌ವೆಲ್, ಔಷಧಿ ಡಬ್ಬಿ

ಮನೆ, ಹೊಲದ ಅಪಾಯಗಳನ್ನು ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಸುತ್ತ ನೋಡಿ. ನಿಂತಾಗ ಕಾಣದ ಎಷ್ಟೋ ಸಂಗತಿ ಕಾಣುತ್ತವೆ.

ಕೃಷಿ ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಬಿದ್ದರೆ ದೊಡ್ಡವರಿಗೂ ಹತ್ತಲು ಆಗದು. ಸುತ್ತ ತಂತಿಬೇಲಿ ಹಾಕಿಸಿ. ಕೃಷಿ ಭಾಗ್ಯ ಯೋಜನೆಯಲ್ಲಿ ಬೇಲಿಗೂ ನೆರವಿದೆ, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಹೊಂಡದೊಳಕ್ಕೆ ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ಸದಾ ಇಳಿಬಿಟ್ಟಿರಿ.

ನೀರು ಬಾರದ ಬೋರ್‌ವೆಲ್‌ಗಳು ನಮ್ಮ ಸೀಮೆಯಲ್ಲಿ ಹೊಲಕ್ಕೊಂದು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಮೇಲೆತ್ತಿದರು. ಹೀಗೆ ಬಿದ್ದ ಎಲ್ಲ ಮಕ್ಕಳೂ ಬದುಕಿ ಬಂದಿಲ್ಲ. ಕಲ್ಲು, ಚೀಲ ಮುಚ್ಚಿದರೆ ಸಾಲದು. ಕಬ್ಬಿಣದ ಮುಚ್ಚಳ ಬೆಸೆಯಿಸಬೇಕು, ಇಲ್ಲವೇ ಮಣ್ಣು ಕಲ್ಲು ತುಂಬಿ ನೆಲದ ಮಟ್ಟಕ್ಕೆ ಮುಚ್ಚಬೇಕು.

ಕೀಟನಾಶಕವನ್ನು ನೀರಿನ ಬಾಟಲಿಗೆ ಬಗ್ಗಿಸಿಡಬೇಡಿ, ಬೀಗವಿರುವ ಎತ್ತರದ ಪೆಟ್ಟಿಗೆಯಲ್ಲಿಡಿ. ಕಲ್ಲು ಹೆಚ್ಚಿರುವ ನೆಲದಲ್ಲಿ ಚೇಳಿನ ಕಾಟವೂ ಇದ್ದದ್ದೇ. ಚಪ್ಪಲಿ ಕೊಡವಿ ಹಾಕಿಕೊಳ್ಳುವುದನ್ನು ಮಗುವಿಗೆ ಕಲಿಸಿ. ಚೇಳು ಕಚ್ಚಿದರೆ ಎಳೆಮಕ್ಕಳಿಗೆ ಹೃದಯಕ್ಕೆ ತೊಂದರೆಯಾಗಬಹುದು. ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರಕ್ಕೆ ಕಾಯುವುದು ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಮಾರ್ಚ್ ಆಸುಪಾಸಿನ ನಾಯಕನಹಟ್ಟಿ ತೇರು, ಶ್ರಾವಣ ಕಳೆಯುವ ಹೊತ್ತಿಗೆ ಬರುವ ಗೌರಸಮುದ್ರದ ಮಾರಮ್ಮನ ಜಾತ್ರೆ, ಎರಡರಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಮಗುವಿನ ಜೇಬಿನಲ್ಲಿ ನಿಮ್ಮ ಮೊಬೈಲ್ ನಂಬರಿನ ಚೀಟಿ ಇರಲಿ, ಹೊರಡುವ ಮುನ್ನ ಆ ದಿನದ ಬಟ್ಟೆಯಲ್ಲೇ ಒಂದು ಫೋಟೊ ತೆಗೆದಿಡಿ.

ಮಗ್ಗದ ಮನೆಯ ಅಪ್ಪ, ದೂರದೂರಿನ ಅಪ್ಪ

ಮೊಳಕಾಲ್ಮುರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಸೀರೆ ನೇಯುವ ಮನೆಯಲ್ಲಿ ಮಗು ಲಾಳಿಯ ಸದ್ದಿಗೇ ನಿದ್ದೆ ಹೋಗುತ್ತದೆ, ಅದೇ ಸದ್ದಿಗೆ ಏಳುತ್ತದೆ. ಅಪ್ಪ ಇಡೀ ದಿನ ಕಾಣಿಸುತ್ತಾನೆ, ಆದರೆ ಅವನ ಕಣ್ಣು ಎಳೆಯ ಮೇಲೆ. ಕರೆದಾಗಲೆಲ್ಲ “ಆಮೇಲೆ” ಎನ್ನಿಸಿಕೊಂಡ ಮಗು ಸ್ವಲ್ಪ ದಿನಕ್ಕೆ ಕರೆಯುವುದನ್ನೇ ಬಿಡುತ್ತದೆ. ಇಲ್ಲಿಗೆ ಹೊಂದುವ ಉಪಾಯವೆಂದರೆ ಹೊತ್ತು ಗೊತ್ತುಮಾಡುವುದು. ಇಷ್ಟು ಕಂಡಿಕೆ ಮುಗಿದ ಮೇಲೆ ಮಗ್ಗದಿಂದ ಎದ್ದು ಕಾಲು ಗಂಟೆ ಮಗುವಿನ ಜೊತೆ ಎಂದು ಮಾತು ಕೊಡಿ. ಕಂಡಿಕೆ ಎಣಿಸುವ ಕೆಲಸ ಮಗುವಿನದೇ ಆಗಲಿ, ಎಣಿಕೆಯೂ ಬರುತ್ತದೆ. ಎದ್ದ ಕಾಲು ಗಂಟೆಯಿಂದ ನಿಮ್ಮ ಸೊಂಟಕ್ಕೂ ಒಳ್ಳೆಯದಾಗುತ್ತದೆ.

ಮಗ್ಗದ ಕುಣಿಗೆ ಎಳೆಮಕ್ಕಳು ಬೀಳದಂತೆ, ಕೆಲಸವಿಲ್ಲದಾಗ ಹಲಗೆ ಮುಚ್ಚಿಡಿ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಬಿಡುವಿನಲ್ಲಿ ಅಪಾಯವಿಲ್ಲದ ಸಣ್ಣ ಕೆಲಸಕ್ಕೆ ಕೈಜೋಡಿಸುವುದನ್ನು ಕಾನೂನು ತಡೆಯುವುದಿಲ್ಲ. ಆದರೆ ಕಸುಬು ಕಲಿಸುವ ಹೆಸರಿನಲ್ಲಿ ಶಾಲೆ ತಪ್ಪಿಸುವ ಹಾಗಿಲ್ಲ.

ಕುರಿಹಿಂಡಿನ ಜೊತೆ ತಿಂಗಳುಗಟ್ಟಲೆ ಅಲೆಯುವ, ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಅಪ್ಪಂದಿರು ಫೋನಿನಲ್ಲಿ ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ಉಂಡೆಯಾ, ಶಾಲೆಗೆ ಹೋದೆಯಾ? ಅದಕ್ಕೆ ಮಗುವಿನ ಉತ್ತರ “ಹ್ಞೂಂ” ಎಂದಷ್ಟೇ. ಕೇಳುವ ಬದಲು ನೀವೇ ಹೇಳಿ. ಇವತ್ತು ಎಲ್ಲಿ ಬೀಡುಬಿಟ್ಟಿರಿ, ಯಾವ ಕುರಿ ಮರಿ ಹಾಕಿತು, ಎಷ್ಟನೇ ಮಹಡಿಗೆ ಇಟ್ಟಿಗೆ ಏರಿತು. ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದರೆ ಮರುದಿನ ಮಗುವೇ ಫೋನಿಗೆ ಕಾಯುತ್ತದೆ. ಕರೆ ದಿನವೂ ಒಂದೇ ಹೊತ್ತಿಗೆ ಬರಲಿ. ಐದೇ ನಿಮಿಷವಾದರೂ ಸಾಕು, ತಪ್ಪಬಾರದು. ಲಸಿಕೆಯ ಅಲಾರಂ, ಅಂಗನವಾಡಿ ಕಾರ್ಯಕರ್ತೆಯ ಜೊತೆ ಮಾತು, ಇವೆರಡನ್ನೂ ದೂರದಿಂದಲೇ ನಡೆಸಬಹುದು.

ಮಾತು, ಕಥೆ, ಮೊಬೈಲು

ಆಂಧ್ರದ ಗಡಿಗೆ ತಾಗಿದ ಈ ಸೀಮೆಯಲ್ಲಿ ಮಗು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು ಅಥವಾ ಲಂಬಾಣಿ ಕೇಳುತ್ತದೆ. ಎರಡು ಮೂರು ನುಡಿ ಒಟ್ಟಿಗೇ ಕಿವಿಗೆ ಬಿದ್ದರೆ ಮಕ್ಕಳು ಗೊಂದಲಗೊಳ್ಳುವುದಿಲ್ಲ, ಎಲ್ಲವನ್ನೂ ಕಲಿಯುತ್ತಾರೆ. ಇಂಗ್ಲಿಷ್ ಶಾಲೆಗೆ ಸೇರಿಸುವ ಆತುರದಲ್ಲಿ, ನಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಗುವಿನ ಜೊತೆ ನಾಲ್ಕೇ ಮಾತು ಆಡುವುದಕ್ಕಿಂತ, ಬಾಯ್ತುಂಬ ಬರುವ ಮನೆಮಾತಿನಲ್ಲಿ ನಾನೂರು ಮಾತಾಡುವುದು ಮೇಲು.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಹಾಡುಗಳನ್ನು ವಿದ್ವಾಂಸರು ಬಂದು ಬರೆದುಕೊಂಡರು. ತಳುಕಿನ ಮನೆತನದಿಂದ ಬಂದವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ ಟಿ.ಎಸ್. ವೆಂಕಣ್ಣಯ್ಯ. ಶಿಷ್ಯರಾದ ಕುವೆಂಪು ತಮ್ಮ ಶ್ರೀ ರಾಮಾಯಣ ದರ್ಶನಂ ಕೃತಿಯನ್ನು ಅರ್ಪಿಸಿದ್ದು ಅವರಿಗೇ. ಕಾದಂಬರಿಕಾರ ತ.ರಾ.ಸು. ಕೂಡ ಅದೇ ಮನೆತನದವರು. ಹಾಡಿನ ನೆನಪು, ಪುಸ್ತಕದ ಓದು, ಎರಡೂ ಈ ತಾಲ್ಲೂಕಿನ ಆಸ್ತಿ. ಮಲಗುವ ಮುನ್ನ ಒಂದು ಕಥೆ ಹೇಳುವ ಕೆಲಸವನ್ನು ಅಪ್ಪ ವಹಿಸಿಕೊಳ್ಳಬಹುದು. ಕಥೆ ಬರದಿದ್ದರೆ ನಿಮ್ಮ ತಾಯಿಯನ್ನು ಕೇಳಿ ಮೊಬೈಲಿನಲ್ಲಿ ಧ್ವನಿ ಹಿಡಿದಿಟ್ಟುಕೊಳ್ಳಿ. ಒಗಟು ಹಾಕಿ, ಕೇಳಿದ್ದನ್ನೇ ಮತ್ತೆ ಕೇಳಿದರೆ ಮತ್ತೆ ಹೇಳಿ.

ಮೊಬೈಲ್ ತೋರಿಸಿ ಉಣಿಸುವ ಅಭ್ಯಾಸ ಹಳ್ಳಿಗೂ ಬಂದಿದೆ. ಎರಡು ವರ್ಷ ತುಂಬುವವರೆಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. 3–4 ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕೆಂದೂ ಅದೇ ಸೂಚನೆಯಲ್ಲಿದೆ. ಊಟದ ಹೊತ್ತಿಗೆ ಅಪ್ಪನ ಮೊಬೈಲು ಗೂಡಿನಲ್ಲಿದ್ದರೆ ಮಗುವಿಗೆ ಬೇರೆ ಪಾಠ ಬೇಕಿಲ್ಲ.

ಅಂಗನವಾಡಿಯ ಹೊಸ್ತಿಲು

ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಮನೆಗೆ ಒಯ್ಯುವ ಆಹಾರ, ಮೂರರಿಂದ ಆರು ವರ್ಷದವರಿಗೆ ಬಿಸಿಯೂಟ, ಹಾಲು, ಮೊಟ್ಟೆ ಅಂಗನವಾಡಿಯಲ್ಲಿ ಸಿಗುತ್ತವೆ. ತಿಂಗಳಿಗೊಮ್ಮೆ ತೂಕ ನೋಡಿ ಚಾರ್ಟಿನಲ್ಲಿ ಗುರುತಿಸುತ್ತಾರೆ. ಆ ಗೆರೆ ಏರುತ್ತಿದೆಯೇ, ಸಮವಾಗಿ ನಿಂತಿದೆಯೇ, ಇಳಿಯುತ್ತಿದೆಯೇ ಎಂದು ನೋಡುವುದು ಅಪ್ಪನಿಗೂ ತಿಳಿದಿರಲಿ. ತೀರಾ ಬಡಕಲಾದ ಮಗುವಿಗೆ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ದಾಖಲಾತಿ ಬೇಕಾಗಬಹುದು. ಆಗ ತಾಯಿ ಅಲ್ಲೇ ಉಳಿಯುತ್ತಾಳೆ, ಮನೆಯಲ್ಲಿರುವ ಉಳಿದ ಮಕ್ಕಳು ಅಪ್ಪನ ಹೊಣೆ. “ಮನೆ ನೋಡೋರಿಲ್ಲ” ಎಂದು ಎಷ್ಟೋ ತಾಯಂದಿರು ಈ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಬರುತ್ತಾರೆ.

ಉದ್ಯೋಗ ಖಾತರಿ ಕೂಲಿಕಾರರ ಎಳೆಮಕ್ಕಳಿಗೆಂದು ಆರಂಭವಾದ ‘ಕೂಸಿನ ಮನೆ’ ನಿಮ್ಮ ಪಂಚಾಯಿತಿಯಲ್ಲಿದೆಯೇ ವಿಚಾರಿಸಿ. ಅಂಗನವಾಡಿಯ ಬಾಲವಿಕಾಸ ಸಮಿತಿ, ಶಾಲೆಯ ಎಸ್‌ಡಿಎಂಸಿ ಸಭೆಗಳಿಗೆ ನೀವೇ ಹೋಗಿ. ಕುಡಿಯುವ ನೀರು ಎಲ್ಲಿಂದ, ಶೌಚಾಲಯಕ್ಕೆ ಚಿಲಕ ಇದೆಯೇ ಎಂದು ಕೇಳಿ.

ಭಾನುವಾರದ ದಾರಿ

ಮಕ್ಕಳನ್ನು ಸುತ್ತಾಡಿಸಲು ದುಡ್ಡು ಸುರಿಯಬೇಕಿಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ, ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು, 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದರು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಎಂಬ ಆಜ್ಞೆ ಅಲ್ಲಿದೆ. ಮಕ್ಕಳಿಗೆ ಬುದ್ಧಿಮಾತಿಗಿಂತ ರುಚಿಸುವುದು ಚಪಡನ ಕಥೆ. ಶಾಸನ ಬರೆದ ಈ ಲಿಪಿಕಾರ ಇಡೀ ಬರಹವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ. ಅಷ್ಟು ದೂರದ ಲಿಪಿ ಅವನಿಗೆ ಹೇಗೆ ಬಂತು ಎಂದು ಮಗುವನ್ನೇ ಕೇಳಿ, ಅದು ಏನು ಹೇಳುತ್ತದೋ ಕೇಳಿಸಿಕೊಳ್ಳಿ. ಬಂಡೆಯ ಮೇಲೆ ಸೀಮೆಸುಣ್ಣ ಹಚ್ಚದಿರುವುದನ್ನೂ ಅಲ್ಲೇ ಕಲಿಸಿ.

ಚಳ್ಳಕೆರೆ ತಾಲ್ಲೂಕಿನ ಕಾವಲಿನತ್ತ ಬೆರಳು ತೋರಿಸಿ ಹೇಳಲು ಹೊಸ ಕಥೆಯೂ ಇದೆ. 2023ರ ಏಪ್ರಿಲ್ 2ರಂದು ಇಸ್ರೊದ ರೆಕ್ಕೆಯ ಪ್ರಯೋಗ ವಾಹನವನ್ನು ಚಿನೂಕ್ ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೆಳಬಿಟ್ಟಿತು. ಚಾಲಕನಿಲ್ಲದ ಆ ವಾಹನ ತಾನೇ ದಾರಿ ಹುಡುಕಿ ಇಲ್ಲಿನ ರನ್‌ವೇಯಲ್ಲಿ ಇಳಿಯಿತು. “ಡ್ರೈವರ್ ಇಲ್ದೆ ಹೆಂಗೆ?” ಎಂದು ಮಗು ಕೇಳಿದಾಗ ಉತ್ತರ ತಿಳಿಯದಿದ್ದರೆ “ನನಗೂ ಗೊತ್ತಿಲ್ಲ, ಹುಡುಕೋಣ” ಎನ್ನಿ.

ಸಿಟ್ಟಿನ ಹೊತ್ತು

ಮಳೆ ಕೈಕೊಟ್ಟ ವರ್ಷ, ಶೇಂಗಾ ದರ ಬಿದ್ದ ದಿನ, ಸೀರೆ ಮಾರಾಟವಾಗದ ತಿಂಗಳು, ಅದರ ಬಿಸಿ ತಟ್ಟುವುದು ಮನೆಯ ಅತಿ ಸಣ್ಣ ಜೀವಕ್ಕೆ. ಹಾಲು ಚೆಲ್ಲಿದ್ದಕ್ಕೆ ಬೀಳುವ ಏಟಿಗೆ ಕಾರಣ ಹಾಲಲ್ಲ ಎಂದು ನಮಗೆ ಗೊತ್ತು, ಮಗುವಿಗೆ ಗೊತ್ತಿಲ್ಲ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯೊಳಗೆ ಆ ನಿಯಮವನ್ನು ಅಪ್ಪನೇ ಮಾಡಿಕೊಳ್ಳಬೇಕು.

ಕೆಲವು ರೂಢಿಗಳು ನೆರವಾಗುತ್ತವೆ. ಮನೆಗೆ ಬಂದ ಕೂಡಲೇ ಕೈಕಾಲು ಮುಖ ತೊಳೆದು, ನೀರು ಕುಡಿದು, ಆಮೇಲೆ ಮಾತು. ಸಾಲದ ಮಾತು, ನೆಂಟರ ಜಗಳ ಮಕ್ಕಳು ಮಲಗಿದ ಮೇಲೆ. ಕುಡಿದ ದಿನ ಮಗುವನ್ನು ಎತ್ತಿಕೊಳ್ಳುವುದಿಲ್ಲ, ಬೈಕಿನಲ್ಲಿ ಕೂರಿಸಿಕೊಳ್ಳುವುದಿಲ್ಲ ಎಂಬ ನಿಯಮಕ್ಕೆ ರಿಯಾಯಿತಿ ಇಲ್ಲ. ಎರಡು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಾಡಿ ಹಠ ಹಿಡಿಯುವುದು ಆ ವಯಸ್ಸಿನ ಸಹಜ ಗುಣ. ಪಕ್ಕದಲ್ಲಿ ಕೂತು ಅಳು ಇಳಿಯುವವರೆಗೆ ಕಾದು, ಆಮೇಲೆ ಎರಡೇ ಮಾತಿನಲ್ಲಿ ಹೇಳಿದರೆ ಸಾಕು.

ಈ ವಾರವೇ ಶುರುಮಾಡಿ

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇಂದಿಗೂ ನೆನೆಯುವುದು ಕೆರೆ ಕಟ್ಟಿಸಿದ ಕಾಯಕಯೋಗಿ ಎಂದು, ಯಾರು ಎಷ್ಟು ದುಡಿದರೋ ಅಷ್ಟೇ ಕೂಲಿ ಎಂದು ನಡೆದವರೆಂದು. ಮಕ್ಕಳೂ ಅದೇ ಲೆಕ್ಕದವರು. ಜಾತ್ರೆಯಲ್ಲಿ ಕೊಡಿಸಿದ ಬಣ್ಣದ ಆಟಿಕೆಗೆ ಒಂದು ದಿನದ ಖುಷಿ ಕೊಡುತ್ತಾರೆ. ದಿನವೂ ತಲೆ ಬಾಚಿದ ಕೈಗೆ ಕೊಡುವ ಸಲಿಗೆ ಬೇರೆ.

- ಇವತ್ತೇ ಹೆಂಡತಿಯ ಜೊತೆ ಕೂತು ಒಂದು ಕೆಲಸ ಆರಿಸಿ. ಅವರು ಯಾವುದನ್ನು ಬಿಟ್ಟುಕೊಟ್ಟರೆ ಹಗುರವಾಗುತ್ತದೋ ಅದನ್ನು ಕೇಳಿ ತೆಗೆದುಕೊಳ್ಳಿ.
- ಹೇಗೆ ಮಾಡಬೇಕೆಂದು ಒಂದೆರಡು ದಿನ ನೋಡಿ ಕಲಿಯಿರಿ. ಆಮೇಲೆ ನಿಮ್ಮ ರೀತಿಯಲ್ಲಿ ಮಾಡಲು ಬಿಡುವಂತೆ ಮನೆಯವರನ್ನು ಕೇಳಿಕೊಳ್ಳಿ. ಜಡೆ ಸೊಟ್ಟಗಾದರೂ ನಡೆಯುತ್ತದೆ.
- ತಾಯಿ ಕಾರ್ಡಿನ ಫೋಟೊ, ಲಸಿಕೆಯ ಅಲಾರಂ, ಊರಿನ ನೀರಿನ ಪರೀಕ್ಷೆ, ಹೊಲದ ಬೋರ್‌ವೆಲ್ ಮುಚ್ಚಳ: ಈ ನಾಲ್ಕನ್ನು ಭಾನುವಾರದೊಳಗೆ ಮುಗಿಸಿ.
- ಮನೆಯ ಗೋಡೆಯ ಮೇಲೆ ಬರೆದಿಡಿ: ಆಂಬುಲೆನ್ಸ್ 108, ಮಕ್ಕಳ ಸಹಾಯವಾಣಿ 1098, ಯಾವುದೇ ತುರ್ತಿಗೆ 112.
- ನಿಮ್ಮ ಗಂಡುಮಗ ನೋಡುತ್ತಿರುವಾಗಲೇ ತಟ್ಟೆ ತೊಳೆಯಿರಿ, ಕಸ ಗುಡಿಸಿ. ಅವನೂ ಮುಂದೆ ಅಪ್ಪನಾಗುವವನು.

ಕೆಲಸ ಬೇಸರವಾದ ದಿನವೂ ಅದನ್ನು ಹಿಂದಿರುಗಿಸಬೇಡಿ. ಊರಲ್ಲಿ ಇಲ್ಲದ ದಿನ ಮಾತ್ರ ಬೇರೆಯವರಿಗೆ ವಹಿಸಿ, ವಹಿಸುವ ಏರ್ಪಾಡನ್ನೂ ನೀವೇ ಮಾಡಿ ಹೋಗಿ.